ಹಾಸಿಗೆ ಹಿಡಿದವರ ಮನೆಗಳಲ್ಲಿ ಕಲಿತ ಪಾಠಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಿರಿಯರು ‘ಮಿಷನ್ ಆಸ್ಪತ್ರೆ’ ಅನ್ನುವಾಗ ದನಿಯಲ್ಲಿ ಈಗಲೂ ಒಂದು ಭರವಸೆ ಇರುತ್ತದೆ. ಒಬ್ಬರಿಗೆ ಅದು ಚಿಕ್ಕಬಳ್ಳಾಪುರದ್ದು. ಇನ್ನೊಬ್ಬರಿಗೆ ಬಳ್ಳಾರಿ ರಸ್ತೆಯಲ್ಲಿ 1973ರಲ್ಲಿ ಬಾಗಿಲು ತೆರೆದ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ. ಅಜ್ಜಿಯ ಕಾಲದ ಮಾತು ಕೇಳಿಸಿಕೊಂಡವರಿಗೆ ಬೆಂಗಳೂರಿನಲ್ಲಿ 1886ರಿಂದ ಇರುವ ಸೇಂಟ್ ಮಾರ್ಥಾಸ್. ಈ ಭರವಸೆ ಹುಟ್ಟಿದ್ದು ಪ್ರಸಂಗ ಕೇಳಿ ಅಲ್ಲ. ಹೆರಿಗೆ ಸುಸೂತ್ರವಾಯಿತು, ಹೊಲಿಗೆ ಕೀವಾಗಲಿಲ್ಲ, ರಾತ್ರಿ ಕರೆದರೆ ಸಿಸ್ಟರ್ ಎದ್ದು ಬಂದರು. ಇಷ್ಟೇ.

ನಾನು ನರ್ಸ್. ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಸಣ್ಣದೊಂದು ತಂಡದ ಜೊತೆ ಬಹಳ ವರ್ಷಗಳಿಂದ ಈ ತಾಲ್ಲೂಕುಗಳಲ್ಲಿ ಓಡಾಡುತ್ತಿದ್ದೇನೆ. ಕೊನೆಯ ಹಂತದ ಕ್ಯಾನ್ಸರ್, ಲಕ್ವ, ಅಪಘಾತದಲ್ಲಿ ಬೆನ್ನುಹುರಿ ಮುರಿದವರು, ಎಲ್ಲವನ್ನೂ ಮರೆತ ಮುದುಕರು. ತಂಡದಲ್ಲಿ ಹೆಚ್ಚಿನವರು ಭಾನುವಾರ ಚರ್ಚಿಗೆ ಹೋಗುವವರು. ಹೊಸಬರು ಬರುವಾಗ ಯಾಕೋಬನ ಪತ್ರಿಕೆಯನ್ನೋ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯವನ್ನೋ ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಕ್ರಿಯೆ ಇಲ್ಲದ ನಂಬಿಕೆ ಸತ್ತ ನಂಬಿಕೆ ಎಂಬುದು ಅವರಿಗೆ ಬಾಯಿಪಾಠ. ಆ ಕ್ರಿಯೆಯನ್ನು ಅರೆಬರೆ ಮಾಡಿದರೆ ಏನಾಗುತ್ತದೆ ಎಂದು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ದೇವರ ಹೆಸರಿನಲ್ಲಿ ಮಾಡುವ ಕೆಲಸಕ್ಕೆ ರಿಯಾಯಿತಿ ಇಲ್ಲ ಎನ್ನುವುದೇ ನಾನು ಅವರಿಗೆ ಮತ್ತೆ ಮತ್ತೆ ಹೇಳುವ ಮಾತು. ಅದನ್ನೇ ಬಿಡಿಸಿ ಬರೆದಿದ್ದೇನೆ.

1. ಮೊದಲು ಕೆಲಸ ಕಲಿಯಿರಿ

ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆ. ಮುಂದೆ ವಿದ್ಯುತ್ ಮಗ್ಗಗಳು, ಹಿಂದೆ ಅಡುಗೆಮನೆಗೆ ಅಂಟಿಕೊಂಡ ಕತ್ತಲೆ ಕೋಣೆ. ಅಲ್ಲಿ ಮಲಗಿದ್ದ ಹೆಂಗಸಿಗೆ ಸ್ತನದ ಕ್ಯಾನ್ಸರ್ ಹುಣ್ಣಾಗಿ ಒಡೆದಿತ್ತು. ಹೊಸ್ತಿಲು ದಾಟುವ ಮೊದಲೇ ಸಾಂಬ್ರಾಣಿ, ಊದುಬತ್ತಿಯ ಹೊಗೆ. ಅದೆಷ್ಟು ಹಾಕಿದರೂ ಮುಚ್ಚಲಾಗದ ಇನ್ನೊಂದು ವಾಸನೆ. ಚರ್ಚಿನ ಹೆಂಗಸರ ಸಂಘದವರು ಕಿತ್ತಳೆಹಣ್ಣು, ಹಾರ್ಲಿಕ್ಸ್ ಹಿಡಿದು ಬಂದಿದ್ದರು. ಬಾಗಿಲಲ್ಲೇ ನಿಂತು, ಸೆರಗು ಮೂಗಿಗೆ ಹಿಡಿದು ಒಂದು ಕೀರ್ತನೆ ಹಾಡಿದರು, ಹೊರಟರು. ಅವರನ್ನು ದೂರುವುದಿಲ್ಲ. ಆ ವಾಸನೆಯಲ್ಲಿ ನಿಲ್ಲುವುದು ಯಾರಿಗೂ ಸುಲಭವಲ್ಲ. ಸ್ವಂತ ಮಗನೇ ಮಗ್ಗದ ಹತ್ತಿರವೇ ಊಟ ಮಾಡುತ್ತಿದ್ದ, ಮೊಮ್ಮಗುವನ್ನು ಒಳಗೆ ಬಿಡುತ್ತಿರಲಿಲ್ಲ.

ಆ ಮನೆಗೆ ಬೇಕಾಗಿದ್ದದ್ದು ಒಂದು ವಿದ್ಯೆ. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ಹುಣ್ಣನ್ನು ಉಜ್ಜದೆ ತೊಳೆಯುವುದು. ಡಾಕ್ಟರು ಬರೆದುಕೊಟ್ಟ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸುವುದು. ಅಂಟಿಕೊಳ್ಳದ ಹಾಗೆ ಒದ್ದೆ ಗಾಜ್ ಹಾಕಿ, ಒಸರುವುದನ್ನು ಹೀರಲು ಮೇಲೆ ಸ್ಯಾನಿಟರಿ ಪ್ಯಾಡ್ ಇಟ್ಟು ಕಟ್ಟುವುದು. ಬಿಚ್ಚುವಾಗ ಒಣಗಿದ ಗಾಜನ್ನು ಎಳೆಯದೆ ನೀರು ಬಿಟ್ಟು ನೆನೆಸಿ ತೆಗೆಯುವುದು. ಎಳೆದರೆ ರಕ್ತ ಬರುತ್ತದೆ, ಆಮೇಲೆ ರೋಗಿ ನಮ್ಮನ್ನು ಕಂಡರೇ ಹೆದರುತ್ತಾರೆ. ಇದರಲ್ಲಿ ದುಬಾರಿಯ ವಸ್ತು ಯಾವುದೂ ಇಲ್ಲ. ನಾಲ್ಕೈದು ದಿನಕ್ಕೆ ವಾಸನೆ ಇಳಿಯಿತು. ಊದುಬತ್ತಿ ನಿಂತಿತು. ಒಂದು ವಾರದ ಮೇಲೆ ಹೋದಾಗ ಮೊಮ್ಮಗು ಅಜ್ಜಿಯ ಕಾಲಬುಡದಲ್ಲಿ ಕೂತು ಕಂಡಿಕೆಯ ಖಾಲಿ ಕಡ್ಡಿಗಳನ್ನು ಜೋಡಿಸುತ್ತಿತ್ತು. ಸಂಘದ ಹೆಂಗಸರೂ ಈ ಸಲ ಒಳಗೆ ಬಂದು ಮಂಚದ ಮೇಲೆ ಕೂತರು.

ಅವರ ಪ್ರೀತಿ ಮೊದಲೂ ಸುಳ್ಳಾಗಿರಲಿಲ್ಲ. ಅದು ಕೋಣೆಯೊಳಗೆ ಕಾಲಿಡಲು ಒಂದು ಮಾತ್ರೆಯ ಪುಡಿ ಬೇಕಾಗಿತ್ತು.

ಇನ್ನೊಂದು ಸಣ್ಣ ಸಂಗತಿ. ಹಾಸಿಗೆ ಹುಣ್ಣು ಆಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ಎಲ್ಲರಿಗೂ ಹೇಳುತ್ತೇವೆ. ಮಗ್ಗದ ಮನೆಯಲ್ಲಿ ಮೊಬೈಲಿನ ಅಲಾರಂ ಕೇಳಿಸುವುದೇ ಇಲ್ಲ. ನೇಯುವವನ ಅಂಗಿ ಜೇಬಿನಲ್ಲಿ ಫೋನನ್ನು ವೈಬ್ರೇಟಿಗೆ ಹಾಕಿಡಬೇಕು, ಗೋಡೆಗೆ ಎಡ, ಬಲ, ಅಂಗಾತ ಎಂದು ಬರೆದ ಹಾಳೆ ಅಂಟಿಸಬೇಕು. ಇಂಥದ್ದು ಯಾವ ತರಬೇತಿ ಪುಸ್ತಕದಲ್ಲೂ ಇರುವುದಿಲ್ಲ. ಆ ಮನೆಯಲ್ಲಿ ಒಂದಷ್ಟು ಹೊತ್ತು ಸುಮ್ಮನೆ ಕೂತವರಿಗೆ ಹೊಳೆಯುತ್ತದೆ.

2. ನೋವಿಗೆ ಪುಣ್ಯದ ಬಣ್ಣ ಬಳಿಯಬೇಡಿ

ಇದು ವಿಶೇಷವಾಗಿ ನಮ್ಮ ಜನಕ್ಕೇ ಹೇಳಬೇಕಾದ ಮಾತು. ‘ಕರ್ತನು ಶಿಲುಬೆಯಲ್ಲಿ ಇದಕ್ಕಿಂತ ಹೆಚ್ಚು ತಾಳಿಕೊಂಡ’ ಎಂದು ಕ್ಯಾನ್ಸರ್ ರೋಗಿಗೆ ಹೇಳುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಲೆಂಟ್ ದಿನಗಳಲ್ಲಂತೂ ಜಾಸ್ತಿ. ಹೇಳುವವರು ತಮಗೆ ತಲೆನೋವು ಬಂದರೆ ಮಾತ್ರೆ ನುಂಗುತ್ತಾರೆ.

ಸಿಸಿಲಿ ಸಾಂಡರ್ಸ್ ಹೆಸರನ್ನು ನಮ್ಮ ಪ್ರಸಂಗಪೀಠಗಳಲ್ಲಿ ನಾನು ಕೇಳಿಲ್ಲ, ಕೇಳಿಸಬೇಕಿತ್ತು. ಆಕೆ ಗಾಢ ವಿಶ್ವಾಸದ ಕ್ರೈಸ್ತಳು. ನರ್ಸ್ ಆಗಿದ್ದಳು; ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾದಳು; ಸಾಯುವವರ ನೋವಿಗೆ ಏನಾದರೂ ಮಾಡಬೇಕಾದರೆ ಡಾಕ್ಟರೇ ಆಗಬೇಕು ಎಂದು ಗೊತ್ತಾದಾಗ ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಲು ಕೂತಳು. 1967ರಲ್ಲಿ ಲಂಡನ್ನಿನಲ್ಲಿ ಸಾಯುವವರ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದಳು. ನೋವು ಬಂದಮೇಲೆ ಮಾರ್ಫಿನ್ ಕೊಡುವುದಲ್ಲ, ಬರುವ ಮೊದಲೇ ಗಡಿಯಾರ ನೋಡಿ ಕೊಡಬೇಕು ಎಂದು ಲೋಕಕ್ಕೆ ತೋರಿಸಿಕೊಟ್ಟವಳು ಆಕೆ. ಅದೇ ದಾರಿಯಲ್ಲಿ ನಮ್ಮ ದೇಶದ ಮೊದಲ ಹಾಸ್ಪೀಸ್, ಶಾಂತಿ ಅವೇದನಾ ಸದನ, 1986ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಲೂಯಿಸ್ ಜೋಸ್ ಡಿಸೋಜ ಕ್ಯಾನ್ಸರ್ ಶಸ್ತ್ರವೈದ್ಯರು.

ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಮಾರ್ಫಿನ್ ಇಟ್ಟುಕೊಳ್ಳುವುದು ಮೊದಲಿಗಿಂತ ಸಲೀಸಾಗಿದೆ. ಆದರೂ ಹಳ್ಳಿಯಲ್ಲಿ ‘ಅದು ಅಭ್ಯಾಸವಾಗಿಬಿಡುತ್ತಂತೆ’ ಎಂಬ ಭಯ ಹೋಗಿಲ್ಲ. ಮನೆಯವರನ್ನು ಕೂರಿಸಿಕೊಂಡು ಹೇಳಬೇಕು: ನಾಲ್ಕು ಗಂಟೆಗೊಮ್ಮೆ, ಡಾಕ್ಟರು ಹೇಳಿದ ಅಳತೆ, ಜೊತೆಗೆ ಮಲಬದ್ಧತೆಗೆ ಔಷಧ ಮರೆಯಬಾರದು. ಈ ಕೊನೆಯದನ್ನು ಮರೆತವರು ಮಾರ್ಫಿನ್ನನ್ನೇ ಬೈದು ನಿಲ್ಲಿಸಿಬಿಡುತ್ತಾರೆ. ನೋವು ಇಳಿದ ರೋಗಿಗೆ ಪ್ರಾರ್ಥನೆ ಬೇಕೋ ಬೇಡವೋ ಎಂದು ಯೋಚಿಸುವಷ್ಟು ಬಿಡುವಾದರೂ ಸಿಗುತ್ತದೆ.

3. ಪ್ರಾರ್ಥನೆ ಕೇಳಿದರೆ ಮಾತ್ರ

2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆಯ ಕಾಯ್ದೆಯಲ್ಲಿ ಮತಾಂತರಕ್ಕೆ ಒಡ್ಡುವ ‘ಆಮಿಷ’ದ ಅರ್ಥವನ್ನು ಬಹಳ ಅಗಲ ಮಾಡಿದ್ದರು. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯ ಭರವಸೆ ಎಲ್ಲ ಅದರೊಳಗೆ ಬಂತು. 2023ರ ಜೂನ್‌ನಲ್ಲಿ ಅದನ್ನು ಹಿಂತೆಗೆಯಲು ಸಚಿವ ಸಂಪುಟ ತೀರ್ಮಾನಿಸಿತು. ಆ ಅವಧಿಯಲ್ಲಿ ಊರಿಗೆ ಹೋದರೆ ‘ಯಾರು ನೀವು, ಯಾಕೆ ಬಂದಿರಿ’ ಎಂದು ಅಡ್ಡಗಟ್ಟಿದವರುಂಟು. ಚೀಲ ಬಿಚ್ಚಿ ತೋರಿಸುತ್ತಿದ್ದೆವು: ಕ್ಯಾಥೆಟರ್, ಗಾಜ್, ಕೈಗವಸು, ಬಿ.ಪಿ. ಯಂತ್ರ. ಎಷ್ಟೋ ಕಡೆ ಅಡ್ಡಗಟ್ಟಿದವರೇ ಆಮೇಲೆ ತಮ್ಮ ಚಿಕ್ಕಪ್ಪನನ್ನೋ ದೊಡ್ಡಮ್ಮನನ್ನೋ ನೋಡಲು ಕರೆದುಕೊಂಡು ಹೋದರು.

ಆ ಕಾಯ್ದೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಕರುಣೆಯನ್ನೇ ಸಂಶಯದಿಂದ ನೋಡುವ ಕಾನೂನು ಅದು. ಆದರೆ ಕಾಯ್ದೆ ಇರಲಿ, ಹೋಗಲಿ, ನಮ್ಮ ತಂಡದ ನಿಯಮ ಅದಕ್ಕಿಂತ ಹಳೆಯದು, ಅದಕ್ಕಿಂತ ಬಿಗಿಯೂ ಹೌದು. ಮಗ್ಗುಲು ಬದಲಿಸಲು, ಉಚ್ಚೆ ಚೀಲ ಖಾಲಿ ಮಾಡಿಸಿಕೊಳ್ಳಲು ನಿಮ್ಮ ಕೈಯನ್ನೇ ನಂಬಿರುವ ಮನುಷ್ಯ ನಿಮಗೆ ‘ಬೇಡ’ ಅನ್ನಲಾರ. ಬೇಡ ಅನ್ನಲಾಗದವನ ‘ಹೂಂ’ಗೆ ಯಾವ ಬೆಲೆಯೂ ಇಲ್ಲ. ಅದನ್ನು ವಿಶ್ವಾಸ ಎಂದು ಲೆಕ್ಕ ಹಾಕಿಕೊಂಡರೆ ಮೋಸ ಹೋಗುವವರು ನಾವೇ.

ಅವರಾಗಿ ಕೇಳಿದರೆ ಪ್ರಾರ್ಥಿಸುತ್ತೇವೆ. ಬಹಳ ಜನ ಕೇಳುತ್ತಾರೆ, ಹಿಂದೂಗಳೂ ಮುಸ್ಲಿಮರೂ. ಚಿಕ್ಕ ಪ್ರಾರ್ಥನೆ, ಮೆಲುದನಿಯಲ್ಲಿ, ರೋಗಿಯ ಹೆಸರು ಹೇಳಿ. ಪಕ್ಕದ ಮನೆಗೆ ಕೇಳಿಸುವ ಹಾಗೆ ಕೂಗುವ ಅಗತ್ಯವಿಲ್ಲ, ದೇವರಿಗೆ ಕಿವಿ ಮಂದವಾಗಿಲ್ಲ.

‘ಇಷ್ಟು ವರ್ಷಕ್ಕೆ ಎಷ್ಟು ಆತ್ಮಗಳನ್ನು ಗೆದ್ದಿರಿ’ ಎಂದು ಕೇಳುವ ಸಭಾಹಿರಿಯರೂ ಇದ್ದಾರೆ. ಅವರಿಗೆ ಲೂಕನ ಸುವಾರ್ತೆಯ ಹತ್ತು ಮಂದಿ ಕುಷ್ಠರೋಗಿಗಳ ಕಥೆ ನೆನಪಿಸುತ್ತೇನೆ. ಹತ್ತೂ ಜನಕ್ಕೆ ವಾಸಿಯಾಯಿತು, ತಿರುಗಿ ಬಂದವನು ಒಬ್ಬ. ಉಳಿದ ಒಂಬತ್ತು ಎಲ್ಲಿ ಎಂದು ಯೇಸು ಕೇಳಿದ, ನಿಜ. ಆದರೆ ಅವರ ರೋಗವನ್ನು ಹಿಂದಕ್ಕೆ ಕಳಿಸಲಿಲ್ಲ.

4. ಸಮಾರ್ಯದವನು ಮರುದಿನ ಹೊರಟ

ತುಮಕೂರು ರಸ್ತೆಯೂ ಹಾಸನದ ರಸ್ತೆಯೂ ಕವಲೊಡೆಯುವ ನೆಲಮಂಗಲದಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿಕೊಂಡ ಸಮಾರ್ಯದವನ ಕಥೆಯನ್ನು ಓದುವುದೇ ಬೇರೆ. ಅಲ್ಲಿ ದಾರಿಯಲ್ಲಿ ಬಿದ್ದವರು ಕಥೆಯೊಳಗಿನವರಲ್ಲ. ನಮ್ಮ ಪಟ್ಟಿಯಲ್ಲಿ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿರುವ ಗಂಡುಮಕ್ಕಳಲ್ಲಿ ಬಹಳಷ್ಟು ಜನ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು. ಕೆಲವರಿಗೆ ಪೆಟ್ಟು ಬಿದ್ದದ್ದು ರಸ್ತೆಯಲ್ಲಿ, ಬೆನ್ನುಹುರಿ ಪೂರ್ತಿ ಹೋದದ್ದು ಆಟೋಗೆ ಎತ್ತಿ ಹಾಕುವಾಗ ಇರಬಹುದು. ಒಬ್ಬರು ಕಂಕುಳಿಗೆ, ಒಬ್ಬರು ಕಾಲಿಗೆ ಕೈಹಾಕಿ ಮಡಚಿ ಎತ್ತಿರುತ್ತಾರೆ. ಎತ್ತಿದವರ ಮನಸ್ಸು ಚಿನ್ನ. ಕತ್ತು, ಬೆನ್ನು ಅಲುಗಾಡಿಸದೆ 108ಕ್ಕೆ ಕರೆಮಾಡಿ, ರಕ್ತ ಬರುವ ಕಡೆ ಬಟ್ಟೆ ಒತ್ತಿ ಹಿಡಿದು ಕಾಯಬೇಕು ಎಂದು ಯಾರೂ ಅವರಿಗೆ ಕಲಿಸಿರಲಿಲ್ಲ. ಹೆದ್ದಾರಿ ಪಕ್ಕದ ಪ್ರತಿ ಚರ್ಚೂ ವರ್ಷಕ್ಕೊಮ್ಮೆ ಯುವಜನ ಕೂಟದಲ್ಲಿ ಇದನ್ನು ಕಲಿಸಬಹುದು. ಪೊಲೀಸ್, ಕೋರ್ಟು ಎಂಬ ಹೆದರಿಕೆ ಈಗ ನೆಪ ಮಾತ್ರ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಕಾಯ್ದೆ ಮಾಡಿತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಆ ರಕ್ಷಣೆ ಸೇರಿತು.

ಆ ಕಥೆಯಲ್ಲಿ ನಾವು ಓದದೆ ದಾಟಿಬಿಡುವ ಭಾಗ ಕೊನೆಯದು. ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ಪ್ರಾಣಿಯ ಮೇಲೆ ಕೂರಿಸಿದ, ಛತ್ರಕ್ಕೆ ಕರೆತಂದು ಆರೈಕೆ ಮಾಡಿದ. ಮರುದಿನ ಎರಡು ನಾಣ್ಯ ಕೊಟ್ಟು, ಹೆಚ್ಚಾದರೆ ಬರುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ದಾರಿ ಹಿಡಿದ. ಛತ್ರದವನಿಗೆ ಒಪ್ಪಿಸಿದ, ಲೆಕ್ಕ ಇಟ್ಟ, ಮತ್ತೆ ಬರುವೆನೆಂದು ಹೇಳಿದ. ಹೊಸಬರು ಮಾಡಲೊಲ್ಲದ ಕೆಲಸ ಇದೇ. ಅವರಿಗೆ ರೋಗಿಯನ್ನು ತಾವೇ ಇಟ್ಟುಕೊಳ್ಳಬೇಕು.

ನಮ್ಮ ಕಡೆ ಛತ್ರದವರು ಯಾರು? ಆಶಾ ಕಾರ್ಯಕರ್ತೆ, ಪಿಎಚ್‌ಸಿ ಡಾಕ್ಟರು, ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ನಾಡಕಚೇರಿಯ ಗುಮಾಸ್ತ. ಇವರ ಫೋನ್ ನಂಬರು ಇಲ್ಲದವರು ಮನೆಭೇಟಿಗೆ ಹೊರಡಬಾರದು. ಅಂಗವಿಕಲರ ಯುಡಿಐಡಿ ಕಾರ್ಡ್, ಸಂಧ್ಯಾ ಸುರಕ್ಷಾ ಪಿಂಚಣಿ, ವಿಧವಾ ವೇತನ, ಆಯುಷ್ಮಾನ್ ಕಾರ್ಡ್ ಇವೆಲ್ಲ ರೋಗಿಯ ಹಕ್ಕು, ನಮ್ಮ ದಾನವಲ್ಲ. ಹತ್ತು ವರ್ಷ ಅಕ್ಕಿ ಕೊಡುವುದಕ್ಕಿಂತ ನಿಂತುಹೋದ ಪಿಂಚಣಿಯನ್ನು ಒಂದು ಸಲ ಸರಿಮಾಡಿಸುವುದು ದೊಡ್ಡದು. ಅದು ಸುಲಭವೂ ಅಲ್ಲ. ಮಗ್ಗದಲ್ಲಿ, ಹೊಲದಲ್ಲಿ ದುಡಿದು ಬೆರಳ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಎದ್ದು ಕೂರಲಾಗದವರನ್ನು ಆಧಾರ್ ಕೇಂದ್ರಕ್ಕೆ ಹೇಗೆ ಒಯ್ಯುವುದು? ಯಂತ್ರವನ್ನೇ ಮನೆಗೆ ತರಿಸಲು ಅರ್ಜಿ ಬರೆದು, ಮತ್ತೆ ಮತ್ತೆ ಹೋಗಿ ಕೂರಬೇಕು. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕಾಯುವುದನ್ನು ಯಾವ ಸಭೆಯೂ ಸೇವೆ ಎಂದು ಪ್ರಕಟಣೆಯಲ್ಲಿ ಓದುವುದಿಲ್ಲ.

5. ಡಿಸೆಂಬರಿನ ಕಂಬಳಿ

ಕ್ರಿಸ್ಮಸ್ ಹತ್ತಿರ ಬಂದರೆ ಬೆಂಗಳೂರಿನಿಂದ ಟೆಂಪೋಗಳು ಬರುತ್ತವೆ. ಕಂಬಳಿ, ಕೇಕು, ಬಿಸ್ಕತ್ತು, ಟೋಪಿ ಹಾಕಿದ ಯುವಕರು. ಕೆಲವು ರೋಗಿಗಳ ಮನೆಯಲ್ಲಿ ಬಿಚ್ಚದ ಕಂಬಳಿಗಳು ಅಟ್ಟದ ಮೇಲಿವೆ. ಜುಲೈನಲ್ಲಿ ಯಾರೂ ಬರುವುದಿಲ್ಲ.

ಕೊಡಲೇಬೇಕು ಅನ್ನುವವರಿಗೆ ನನ್ನದು ಒಂದೇ ಪಟ್ಟಿ: ದೊಡ್ಡವರ ಡಯಾಪರ್, ಉಚ್ಚೆ ಚೀಲ, ಕೈಗವಸು, ಗಾಜ್. ಪಟ್ಟಿ ನೋಡಿ ಮುಖ ಸಪ್ಪೆಯಾಗುತ್ತದೆ. ಡಯಾಪರ್ ಪೊಟ್ಟಣ ಕೊಡುತ್ತ ಫೋಟೊ ಹೊಡೆಸಿಕೊಳ್ಳಲು ಯಾರಿಗೂ ಮನಸ್ಸು ಬಾರದು. ಅದೇ ಅದರ ಗುಣ. ಫೋಟೊ ಬಗ್ಗೆ ನಮ್ಮಲ್ಲಿ ಚರ್ಚೆಯೇ ಇಲ್ಲ: ಹಾಸಿಗೆ ಹಿಡಿದವರ ಮುಖ ಯಾರ ವಾಟ್ಸ್ಆ್ಯಪ್ ಸ್ಟೇಟಸ್ಸಿಗೂ ಹೋಗಕೂಡದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಉಪದೇಶ ಕೇಳುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿದೆಯಲ್ಲ!

6. ರೋಗಿಯ ಪಕ್ಕದಲ್ಲಿರುವವರನ್ನೂ ನೋಡಿ

ಮನೆಗೆ ಹೋದ ಕೂಡಲೇ ಎಲ್ಲರೂ ಮಂಚದತ್ತ ಹೋಗುತ್ತಾರೆ. ನಾನು ಮೊದಲು ಸೊಸೆಯ ಮುಖ ನೋಡುತ್ತೇನೆ. ಬಹುತೇಕ ಮನೆಗಳಲ್ಲಿ ಆಕೆಯೇ ತೊಳೆಯುವವಳು, ತಿನ್ನಿಸುವವಳು, ರಾತ್ರಿ ಏಳುವವಳು; ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತುವವಳೂ ಎಷ್ಟೋ ಸಲ ಅವಳೇ. ‘ನೀವು ಕೊನೆಯ ಸಲ ಪೂರ್ತಿ ರಾತ್ರಿ ನಿದ್ದೆ ಮಾಡಿದ್ದು ಯಾವಾಗ’ ಎಂದು ಕೇಳಿದರೆ ಸಾಕು, ಕೆಲವರು ಅತ್ತುಬಿಡುತ್ತಾರೆ. ಚರ್ಚಿನ ಹೆಂಗಸರಿಗೆ ನಾನು ಈಗ ಹಣ್ಣು ತನ್ನಿ ಅನ್ನುವುದಿಲ್ಲ. ಶನಿವಾರ ಮಧ್ಯಾಹ್ನ ಬನ್ನಿ, ಆಕೆ ತವರಿಗೋ ಸಂತೆಗೋ ಹೋಗಿ ಬರಲಿ, ಅಷ್ಟು ಹೊತ್ತು ನೀವು ಕೂತಿರಿ ಅನ್ನುತ್ತೇನೆ. ಇದನ್ನು ನಂಬಿಕೆಯಿಂದ ನಡೆಸುತ್ತಿರುವ ಹೆಂಗಸರಿದ್ದಾರೆ, ಅವರ ಹೆಸರು ಯಾವ ಕರಪತ್ರದಲ್ಲೂ ಇಲ್ಲ.

ಇನ್ನು, ಬಡವರ ಮನೆಯಲ್ಲಿ ಮಾತ್ರ ನಮ್ಮ ಕೆಲಸ ಎಂದುಕೊಳ್ಳಬೇಡಿ. 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ದೇವನಹಳ್ಳಿ ಸುತ್ತ ಜಮೀನಿನ ಬೆಲೆ ಏರಿದ ಬಗೆ ಎಲ್ಲರಿಗೂ ಗೊತ್ತು. ಚನ್ನರಾಯಪಟ್ಟಣ ಹೋಬಳಿಯ ರೈತರು ಜಮೀನು ಬಿಡೆವು ಎಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿ 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಡುವ ಹಾಗೆ ಮಾಡಿದರು. ಮಾರಿದವರ ಕಥೆ ಬೇರೆ. ಗ್ರಾನೈಟ್ ನೆಲದ ಎರಡಂತಸ್ತಿನ ಮನೆ, ಮೇಲೆ ಯಾರೂ ಇಲ್ಲ, ಮಕ್ಕಳು ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ. ಕೆಳಗಿನ ಕೋಣೆಯಲ್ಲಿ ಲಕ್ವ ಹೊಡೆದ ಯಜಮಾನ, ಎತ್ತಲು ತ್ರಾಣವಿಲ್ಲದ ಹೆಂಡತಿ. ಅಲ್ಲಿಯ ಹಾಸಿಗೆ ಹುಣ್ಣು ಗುಡಿಸಲಿನ ಹುಣ್ಣಿನಷ್ಟೇ ಆಳ. ಇಂಥ ಮನೆಗಳಿಗೆ ಹೋದರೆ ‘ದುಡ್ಡಿದ್ದವರಿಗೆ ನಿಮ್ಮ ಸೇವೆ ಯಾಕೆ’ ಎಂದು ಕೇಳುವವರಿದ್ದಾರೆ. ದುಡ್ಡು ಮಗ್ಗುಲು ಬದಲಿಸುವುದಿಲ್ಲ.

7. ಊರಿನ ದುಡ್ಡು ಬಾಳುತ್ತದೆ

ವಿದೇಶಿ ವಂತಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ನಮ್ಮಂಥ ಸಣ್ಣವರ ದಿಕ್ಕು ತಪ್ಪಿಸಿತು. ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚ ಶೇಕಡ 20 ಮೀರುವಂತಿಲ್ಲ. ಹಣ ಮೊದಲು ಬಂದಿಳಿಯಬೇಕಾದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ. ಬಹಳ ಕಡೆ ಮನೆಭೇಟಿಯ ವ್ಯಾನುಗಳು ನಿಂತವು. ಆಗ ಬೈದುಕೊಂಡೆವು. ಈಗ ಅನ್ನಿಸುತ್ತದೆ, ಹಳ್ಳಿಯ ರೋಗಿಯ ಡಯಾಪರಿಗೆ ಸಾಗರದಾಚೆಯ ದುಡ್ಡನ್ನೇ ನಂಬಿ ಕೂತದ್ದೂ ಒಂದು ಸೋಮಾರಿತನವೇ.

ಸುಗ್ಗಿ ಹಬ್ಬದ ಭಾನುವಾರ ನಮ್ಮ ಚರ್ಚುಗಳ ಅಂಗಳ ನೋಡಬೇಕು. ರಾಗಿ, ಕುಂಬಳಕಾಯಿ, ಕೋಳಿ, ದೇವನಹಳ್ಳಿ ಚಕ್ಕೋತ. ಆರಾಧನೆ ಮುಗಿದ ಮೇಲೆ ಹರಾಜು. ಕುಂಬಳಕಾಯಿ ಕೂಗಿಕೊಂಡವರು ದುಡ್ಡು ಕೊಟ್ಟು ಕಾಯನ್ನು ಮತ್ತೆ ಹರಾಜಿಗೇ ಇಡುತ್ತಾರೆ. ಒಂದೇ ಕಾಯಿ ಮೂರು ನಾಲ್ಕು ಸಲ ಮಾರಾಟವಾಗುತ್ತದೆ. ಆ ದಿನದ ಹರಾಜಿನ ಒಂದು ಭಾಗವನ್ನು ರೋಗಿಗಳ ನಿಧಿಗೆ ಎಂದು ಮೊದಲೇ ಸಾರಿ, ಮುಂದಿನ ತಿಂಗಳು ಖರ್ಚಿನ ಪಟ್ಟಿಯನ್ನು ಚರ್ಚಿನ ಗೋಡೆಗೆ ಅಂಟಿಸಿದರೆ, ಮರುವರ್ಷ ಹರಾಜು ತಾನಾಗಿ ಏರುತ್ತದೆ. ಅಂಟಿಸದಿದ್ದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿದೆ.

ಪಕ್ಕದ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೂ ಊರಿನ ಹಾಲಿನ ಸಂಘವೂ ಸೇರಿ ಆರೋಗ್ಯ ಸಹಕಾರ ಸಂಘ ಕಟ್ಟಿದರು. ಹಾಲು ಹಾಕುವ ರೈತರೇ ಅದರ ಖರ್ಚಿಗೆ ಪಾಲು ಕೊಟ್ಟರು. ಕ್ರೈಸ್ತ ಕಾಲೇಜಿನ ಡಾಕ್ಟರು, ಊರಿನವರ ಹಾಲು. ದುಡ್ಡು ಕೊಟ್ಟವರು ಡಾಕ್ಟರು ತಡವಾಗಿ ಬಂದರೆ ಕೇಳುತ್ತಾರೆ. ಪುಕ್ಕಟೆ ಪಡೆದವರು ಕೇಳುವುದಿಲ್ಲ. ಸೇವೆ ಕೆಡುವುದು ಅಲ್ಲಿಂದಲೇ.

8. ಕಾಲು ತೊಳೆಯುವುದು ಯಾರು?

ಶುಭ ಶುಕ್ರವಾರದ ಹಿಂದಿನ ಗುರುವಾರ ಹನ್ನೆರಡು ಜನರನ್ನು ಕೂರಿಸಿ ಕಾಲು ತೊಳೆಯುವ ಸಂಪ್ರದಾಯ ಅನೇಕ ಚರ್ಚುಗಳಲ್ಲಿದೆ. ಕೂರುವವರು ಮನೆಯಲ್ಲೇ ಚೆನ್ನಾಗಿ ತೊಳೆದುಕೊಂಡು ಬಂದಿರುತ್ತಾರೆ. ಸಕ್ಕರೆ ಕಾಯಿಲೆಯವರ ಕಾಲು ತೊಳೆಯುವುದು ಇನ್ನೊಂದು ಬಗೆ. ಬೆರಳ ಸಂದಿ ಬಿಡಿಸಿ ನೋಡಬೇಕು, ಒರೆಸಿ ಒಣಗಿಸಬೇಕು, ಕಪ್ಪಾದ ಚರ್ಮ ಕಂಡರೆ ಮೂಸಿ ನೋಡಬೇಕು.

ಈ ಎರಡನೆಯ ಕೆಲಸವನ್ನು ತಂಡದಲ್ಲಿ ಯಾರಿಗೆ ಹಚ್ಚುತ್ತೇವೆ? ಗಮನಿಸಿ ನೋಡಿದರೆ ಮಲ ಮೂತ್ರ ಬಳಿಯುವುದು ದಲಿತ ಮನೆಯ ಹುಡುಗಿಯರ ಪಾಲಿಗೂ ‘ಕೌನ್ಸೆಲಿಂಗ್’ ಇನ್ನೊಬ್ಬರ ಪಾಲಿಗೂ ಬಂದಿರುತ್ತದೆ, ಯಾರೂ ಹೇಳದೆಯೇ. ಜಾತಿಯನ್ನು ಚರ್ಚಿನ ಹೊರಗೆ ಚಪ್ಪಲಿಯ ಹಾಗೆ ಬಿಟ್ಟು ಬಂದಿದ್ದೇವೆ ಎಂದು ಹೇಳಿಕೊಳ್ಳುತ್ತೇವೆ. ಹೊರಗೆ ಹೋಗುವಾಗ ಸರಿಯಾಗಿ ನಮ್ಮ ನಮ್ಮ ಜೋಡಿಯನ್ನೇ ಹುಡುಕಿ ಹಾಕಿಕೊಳ್ಳುತ್ತೇವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಕಾಗದದಲ್ಲಿ ಜಾತಿ ಹೋಯಿತು, ಊರಿನಲ್ಲಿ ಉಳಿಯಿತು. ಹಾಗಾಗಿ ನಮ್ಮಲ್ಲಿ ಪಾಳಿ ಇದೆ: ಯಾರೇ ಆಗಲಿ, ಡಾಕ್ಟರು ಬಂದ ದಿನ ಡಾಕ್ಟರೂ, ಸರದಿ ಬಂದಾಗ ಬಳಿಯಲೇಬೇಕು. ‘ಆ ಹುಡುಗಿ ಬೇಡ, ಬೇರೆಯವರನ್ನು ಕಳಿಸಿ’ ಎಂದು ಮನೆಯವರು ಕಾರಣ ಹೇಳದೆ ಕೇಳಿದರೆ ನಾವೂ ಕಾರಣ ಕೇಳುವುದಿಲ್ಲ. ಅದೇ ಹುಡುಗಿಯನ್ನೇ ಕಳಿಸುತ್ತೇವೆ. ಮೊದಲ ವಾರ ಅವಳಿಗೆ ಹಿತ್ತಲ ನಲ್ಲಿಯ ನೀರು. ಆಮೇಲಾಮೇಲೆ ಲೋಟದಲ್ಲಿ ಕಾಫಿ. ಎಲ್ಲ ಮನೆಗಳಲ್ಲೂ ಅಲ್ಲ.

9. ಕೊನೆಯ ಗಳಿಗೆ ಮನೆಯವರದು

ಉಸಿರು ಏರಿಳಿಯತೊಡಗಿದಾಗ ಮನೆಯವರು ತುಳಸಿ ನೀರು ತರುತ್ತಾರೆ. ಹೊಸ ನರ್ಸುಗಳಿಗೆ ಗಾಬರಿ: ನೀರು ಶ್ವಾಸನಾಳಕ್ಕೆ ಹೋದರೆ? ಚಮಚದಲ್ಲಿ ಸುರಿಯಬೇಡಿ, ಹತ್ತಿಯಲ್ಲಿ ಅದ್ದಿ ತುಟಿಗೆ ಒತ್ತಿ ಎಂದರೆ ಮುಗಿಯಿತು. ಬಾಯಿ ಒಣಗದಂತೆ ತುಟಿ ಒದ್ದೆ ಮಾಡುತ್ತಿರಬೇಕು ಎಂಬುದೇ ನಮ್ಮ ಶುಶ್ರೂಷೆಯ ಪಾಠ. ಅವರ ಆಚಾರವೂ ನಮ್ಮ ಪಾಠವೂ ಅದೇ ಹತ್ತಿಯಲ್ಲಿ ಇವೆ. ಮುಸ್ಲಿಮರ ಮನೆಯಲ್ಲಿ ಕಿಬ್ಲಾ ದಿಕ್ಕಿಗೆ ತಿರುಗಿಸಲು ಕೇಳುತ್ತಾರೆ. ಮಂಚ ಎತ್ತಲು ಕೈಜೋಡಿಸಿ. ಲಿಂಗಾಯತರ ಮನೆಯಲ್ಲಿ ಜಂಗಮರು ಬರುವ ಹೊತ್ತಿಗೆ ಟ್ಯೂಬುಗಳನ್ನು ತೆಗೆದು ಮೈ ಒರೆಸಿ ಸಿದ್ಧಮಾಡಿ ಕೊಟ್ಟರೆ ನಮ್ಮ ಕೆಲಸ ಅಲ್ಲಿಗೆ ಸರಿ. ನಾವು ಅಂಗಳಕ್ಕೆ ಬರಬೇಕು.

10. ತ್ಯಾಗದ ಹೆಸರಲ್ಲಿ ಸಂಬಳ ಕಡಿಯಬೇಡಿ

ಸಂಸ್ಥೆ ನಡೆಸುವವರಿಗೆ ಮಾತ್ರ. ‘ಇದು ಕರ್ತನ ಕೆಲಸ, ಸಂಬಳ ನೋಡಬೇಡಿ’ ಎಂದು ಹುಡುಗಿಯರಿಗೆ ಹೇಳುವವರು ತಮ್ಮ ಕಾರಿನ ಚಾಲಕನಿಗೆ ಹಾಗೆ ಹೇಳುವುದಿಲ್ಲ. ಕನಿಷ್ಠ ವೇತನ, ಭವಿಷ್ಯನಿಧಿ, ವಾರಕ್ಕೊಂದು ರಜೆ, ಹೆಪಟೈಟಿಸ್ ಬಿ ಲಸಿಕೆ. ಇಷ್ಟು ಕೊಡಲಾಗದಿದ್ದರೆ ಕಡಿಮೆ ರೋಗಿಗಳನ್ನು ನೋಡಿ. ಕೂಲಿಯನ್ನು ಹಿಡಿದಿಟ್ಟುಕೊಂಡವರ ಬಗ್ಗೆ ಅತಿ ಖಾರವಾಗಿ ಬರೆದವನೂ, ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎಂದ ಅದೇ ಯಾಕೋಬ.

11. ಏರ್‌ಬೆಡ್ಡಿನ ಪುಸ್ತಕ

ಒಂದು ಚರ್ಚು ಈ ತಿಂಗಳೇ ಏನಾದರೂ ಶುರುಮಾಡಬೇಕು ಎಂದರೆ ನಾನು ಹೇಳುವುದು ಗಾಳಿ ಹಾಸಿಗೆಯ ಬ್ಯಾಂಕು. ಎರಡು ಏರ್‌ಬೆಡ್, ಒಂದು ಗಾಲಿ ಕುರ್ಚಿ, ಒಂದು ಕಮೋಡ್ ಕುರ್ಚಿ, ಒಂದು ನೋಟ್ ಪುಸ್ತಕ. ಯಾವ ಧರ್ಮದವರೇ ಬಂದರೂ ಫೋನ್ ನಂಬರು ಬರೆಸಿಕೊಂಡು ಕೊಡುವುದು, ಮುಂಗಡ ಬೇಡ. ಕೊಡುವಾಗ ಜೊತೆಗೆ ಹೋಗಿ ಹಾಕಿಕೊಟ್ಟು ಬನ್ನಿ. ಏರ್‌ಬೆಡ್ಡಿನ ಮೇಲೆ ದಪ್ಪ ಹಾಸಿಗೆಯೋ ರೆಕ್ಸಿನ್ನೋ ಹಾಸಿ ಅದರ ಪ್ರಯೋಜನವನ್ನೇ ಕಳೆಯುವ ಮನೆಗಳೇ ಹೆಚ್ಚು. ತೆಳು ಹತ್ತಿ ಬಟ್ಟೆ ಒಂದೇ ಸಾಕು. ಗಾಳಿ ಸಾಕೋ ಇಲ್ಲವೋ ನೋಡಲು ರೋಗಿಯ ಸೊಂಟದ ನೇರಕ್ಕೆ ಹಾಸಿಗೆಯ ಅಡಿಯಲ್ಲಿ ಅಂಗೈ ತೂರಿಸಿ. ಮೈಭಾರ ನೇರ ಕೈಗೆ ತಾಗಿದರೆ ಗಾಳಿ ಕಡಿಮೆ. ಏರ್‌ಬೆಡ್ ಇದೆ ಎಂದು ಮಗ್ಗುಲು ಬದಲಿಸುವುದನ್ನು ಬಿಡುವಂತಿಲ್ಲ ಎಂದೂ ಹೇಳಿ ಬನ್ನಿ.

ತೀರಿಕೊಂಡ ಮನೆಯಿಂದ ವಸ್ತು ವಾಪಸು ಕೇಳಲು ಸಂಕೋಚ. ಅವರಿಗೂ ತಂದುಕೊಡಲು ಹಿಂಜರಿಕೆ, ಸತ್ತವರ ಹಾಸಿಗೆ ಎಂದು. ಹನ್ನೊಂದೋ ಹದಿಮೂರೋ ದಿನದ ಕಾರ್ಯ ಕಳೆದ ಮೇಲೆ ನಾವೇ ಹೋಗಿ ಒಂದಿಷ್ಟು ಹೊತ್ತು ಕೂತು ಮಾತಾಡಿಸಿ ತರುವುದು ಒಳ್ಳೆಯದು. ಆ ಭೇಟಿ ಅವರಿಗೂ ಬೇಕಾಗಿರುತ್ತದೆ. ತಂದ ಮೇಲೆ ಬ್ಲೀಚಿಂಗ್ ನೀರಿನಲ್ಲಿ ಒರೆಸಿ, ತೊಳೆದು, ನೆರಳಲ್ಲಿ ಒಣಗಿಸಿ. ಪಂಚರ್ ಪಟ್ಟಿ, ಪಂಪಿನ ಹೆಚ್ಚುವರಿ ಫ್ಯೂಸ್ ಪುಸ್ತಕದ ಜೊತೆಗೇ ಇರಲಿ. ತೂಬಗೆರೆ, ಸಾಸಲು ಕಡೆ ಕರೆಂಟು ಹೋಗಿ ಬರುವ ರೀತಿಗೆ ಮೊದಲು ಸುಡುವುದು ಅದೇ.